ಹೆಸರು ಹೇಳಬೇಕಾಗಿಲ್ಲ

ಮಯೂರ್ ವಿಹಾರದ ಗೆಳೆಯರೊಬ್ಬರ ಮನೆಯಲ್ಲಿ ಗಣೇಶನ ಹಬ್ಬದ ಊಟ. ಕಡುಬು, ಕೋಸಂಬರಿ ಎಲ್ಲ ಮುಗಿದು ಗೋಡೆಗೊರಗಿ ಕೂತ ಮೇಲೆ ಮಾತು ಎಂದಿನಂತೆ ದಿಲ್ಲಿಯ ಜನರ ಕಡೆ ತಿರುಗಿತು. ಗುರುಗ್ರಾಮದಿಂದ ಬಂದಿದ್ದವರೊಬ್ಬರು ದಾರಿಯಲ್ಲಿ ಕಂಡದ್ದನ್ನು ಹೇಳಿದರು. ಫ್ಲೈಓವರ್ ಇಳಿಯುವಲ್ಲಿ ಬೈಕಿನವನೊಬ್ಬ ಬಿದ್ದಿದ್ದನಂತೆ. ಕಾರುಗಳೆಲ್ಲ ನಿಧಾನ ಮಾಡಿ, ನೋಡಿ, ಮುಂದೆ ಹೋಗುತ್ತಿದ್ದವಂತೆ. "ಈ ಊರಿನವರಿಗೆ ಕರುಳೇ ಇಲ್ಲ ಕಣ್ರೀ. ನಮ್ಮ ಕಡೆ ಆಗಿದ್ರೆ ಹಾಗೆ ಬಿಟ್ಟು ಹೋಗ್ತಿದ್ರಾ?" ಅಂದರು. ಮೂಲೆಯಲ್ಲಿ ಕೂತಿದ್ದ, ಇಲ್ಲೇ ಎಂ.ಎ. ಓದುತ್ತಿರುವ ಹುಡುಗಿ ಕೇಳಿದಳು: "ನೀವು ನಿಲ್ಲಿಸಿದ್ರಾ ಅಂಕಲ್?" "ಗಾಡೀಲಿ ಮಕ್ಕಳಿದ್ರಮ್ಮ. ಪೊಲೀಸು, ಕೇಸು, ಕೋರ್ಟು, ಯಾರಿಗೆ ಬೇಕು ಹೇಳು?" ಕೋಣೆಯಲ್ಲಿದ್ದ ಹತ್ತು ಹನ್ನೆರಡು ಜನ ಹೌದೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಈ ಬರಹ ಹಾಗೆ ತಲೆಯಾಡಿಸಿದ್ದರ ವಿರುದ್ಧ.

ಮೊದಲು 'ನಮ್ಮ ಕಡೆ' ಅನ್ನುವ ಮಾತು. ನನ್ನೂರು ತಿಪಟೂರು. ಬೆಂಗಳೂರಿನಿಂದ ಹೊರಟರೆ ನೆಲಮಂಗಲ, ತುಮಕೂರು, ಗುಬ್ಬಿ ದಾಟಿ ಊರು ಸೇರಬೇಕು. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕ ಊರಿನಿಂದ ಬೈಕಿನಲ್ಲಿ ಮರಳುತ್ತಿದ್ದಾಗ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹವೇ ಎರಡಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಹೇಳಿದವನು ಅವನು, ಕಣ್ಣುಗಳು ದಾನವಾದವು. ರಸ್ತೆಯಲ್ಲಿ ಬಿದ್ದು ಮಾತಾಡುತ್ತಿದ್ದ ಅವನ ವೀಡಿಯೋ ದಿಲ್ಲಿಯಲ್ಲಿದ್ದ ನನ್ನ ಫೋನಿಗೂ ಬಂತು. ಬಂತು ಅಂದರೆ, ಯಾರೋ ನಿಂತು ತೆಗೆದಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲಿದ್ದ ಹದಿನೆಂಟರ ಹುಡುಗನಿಗೆ ಬಸ್ಸು ಬಡಿಯಿತು. ಅವನು ರಕ್ತದ ಮಧ್ಯೆ ಬಿದ್ದು ಸಹಾಯ ಕೇಳುತ್ತಿದ್ದರೆ ಸುತ್ತಲಿದ್ದವರ ಕೈಯಲ್ಲಿ ಫೋನುಗಳಿದ್ದವು. ಹುಡುಗ ಉಳಿಯಲಿಲ್ಲ. ಈ ಎರಡರ ನಡುವೆ, 2016ರ ಆಗಸ್ಟಿನಲ್ಲಿ, ಪಶ್ಚಿಮ ದಿಲ್ಲಿಯ ಸುಭಾಷ್ ನಗರದಲ್ಲಿ ಟೆಂಪೋ ಬಡಿದು ಬಿದ್ದಿದ್ದವನ ಪಕ್ಕದಲ್ಲಿ ಜನ ನಡೆದು ಹೋದದ್ದು, ಒಬ್ಬ ನಿಂತು ಅವನ ಮೊಬೈಲ್ ಎತ್ತಿಕೊಂಡು ಹೋದದ್ದು ಸಿಸಿಟಿವಿಯಲ್ಲಿ ದಾಖಲಾಯಿತು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು 'ನಮ್ಮ ಕಡೆ' ಅಂತ ಗುರುತು ಹಚ್ಚಿ.

ಇನ್ನು ಪೊಲೀಸ್ ಭಯ. ಇದರ ಬಗ್ಗೆ ಮಾತಾಡುವ ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ.

2013ರ ಜನವರಿಯ ಒಂದು ರಾತ್ರಿ. ರಿಲೀಸ್ ಮುಗಿಸಿಕೊಂಡು ಆಫೀಸ್ ಕ್ಯಾಬಿನಲ್ಲಿ ನಾಲ್ವರು ನೊಯಿಡಾ-ಗ್ರೇಟರ್ ನೊಯಿಡಾ ಎಕ್ಸ್‌ಪ್ರೆಸ್‌ವೇಯಲ್ಲಿ ಬರುತ್ತಿದ್ದೆವು. ಮಂಜು. ಹೆಡ್‌ಲೈಟಿಗೆ ಮೊದಲು ಕಂಡದ್ದು ಅಡ್ಡ ಬಿದ್ದ ಮೋಟಾರ್ ಸೈಕಲ್, ಆಮೇಲೆ ಕಂದು ಶಾಲಿನ ಒಬ್ಬ ಮನುಷ್ಯ. ಕೈ ಅಲ್ಲಾಡಿತು. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಿಲ್ಲಿಸು ಅಂತ ಒಬ್ಬರು ಹೇಳಿದ್ದರೂ ನಿಲ್ಲಿಸುತ್ತಿದ್ದ. ಯಾರೂ ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಒಬ್ಬ, "ಪೊಲೀಸ್ ಕೇಸ್ ಆಗುತ್ತಿತ್ತು" ಅಂದ. ಅದಾದ ಮೇಲೆ ಮನೆ ತಲುಪುವವರೆಗೂ ಕ್ಯಾಬಿನಲ್ಲಿ ಮಾತಿಲ್ಲ. ಮರುದಿನ ಅದೇ ದಾರಿಯಲ್ಲಿ ಹೋಗುವಾಗ ನಾನು ಬೇಕೆಂದೇ ಲ್ಯಾಪ್‌ಟಾಪ್ ತೆರೆದುಕೊಂಡು ಕೂತೆ.

ಆಗಿನ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಕಾರು ಬಡಿದ ಒಬ್ಬ ಸ್ಕೂಟರ್ ಸವಾರನನ್ನು ಯಾರೋ ಪುಣ್ಯಾತ್ಮ ಹತ್ತಿರದ ಆಸ್ಪತ್ರೆಗೆ ಒಯ್ದರೆ, ಇದು ಮೆಡಿಕೋ-ಲೀಗಲ್ ಕೇಸು, ನಮಗೆ ಅಧಿಕಾರವಿಲ್ಲ, 20 ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ಕಳಿಸಿದರು. ಸವಾರ ದಾರಿಯಲ್ಲೇ ಸತ್ತ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ ಕೋರ್ಟು, ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಎಂದು ಎಲ್ಲ ವೈದ್ಯರಿಗೂ ಹೇಳಿತು. ಆ ತೀರ್ಪು ವೈದ್ಯರ ಕರ್ತವ್ಯವನ್ನು ಗಟ್ಟಿ ಮಾಡಿತೇ ಹೊರತು ಗಾಯಾಳುವನ್ನು ಹೊತ್ತು ತಂದವನ ಗತಿ ಇದ್ದಂತೆಯೇ ಇತ್ತು. 2007ರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಹುಡುಗನೊಬ್ಬ ಅಪಘಾತವಾಗಿ, ಯಾರೂ ಎತ್ತದೆ, ರಸ್ತೆಯಲ್ಲೇ ತೀರಿಕೊಂಡ. ಅವನ ಸೋದರಸಂಬಂಧಿ ಪೀಯೂಷ್ ತಿವಾರಿ ಮರುವರ್ಷ ಸೇವ್‌ಲೈಫ್ ಫೌಂಡೇಶನ್ ಕಟ್ಟಿದರು, 2012ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೇಂದ್ರ ಸಾರಿಗೆ ಸಚಿವಾಲಯ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ಚಿಂತಾಮಣಿ ಕಡೆಯ ನಮ್ಮವರು, ನ್ಯಾಯಮೂರ್ತಿ ವಿ. ಗೋಪಾಲಗೌಡರು. ಹಬ್ಬದ ಊಟದ ದಿನ 'ನಮ್ಮ ಕಡೆಯವರು' ಎಂದು ಎದೆಯುಬ್ಬಿಸಲು ಇದನ್ನು ಬಳಸಿಕೊಳ್ಳಬಹುದಿತ್ತು, ಯಾರಿಗೂ ನೆನಪಿರಲಿಲ್ಲ. ಕರ್ನಾಟಕವಂತೂ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿಕೊಂಡ ಮೊದಲ ರಾಜ್ಯ. 2016ರ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು, 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಬಂದವು.

ಈ ಕಾನೂನು ಹೇಳುವುದು ಬಹಳ ಸರಳ. ಗಾಯಾಳುವನ್ನು ಆಸ್ಪತ್ರೆಗೆ ತಂದವನು ಸದುದ್ದೇಶದಿಂದ ತಂದಿದ್ದರೆ, ಗಾಯಾಳುವಿಗೆ ಏನೇ ಆದರೂ ಅವನ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ. ಅವನ ಹೆಸರು, ವಿಳಾಸ, ಫೋನ್ ನಂಬರನ್ನು ಪೊಲೀಸರೂ ಒತ್ತಾಯ ಮಾಡಿ ಕೇಳುವಂತಿಲ್ಲ. ಆಸ್ಪತ್ರೆ ಅವನಿಂದ ಅಡ್ವಾನ್ಸ್ ಕೇಳುವಂತಿಲ್ಲ, ಹಿಡಿದು ಕೂರಿಸುವಂತಿಲ್ಲ. ಸಾಕ್ಷಿ ಹೇಳುವುದು ಅವನ ಇಷ್ಟ. ಹೇಳುತ್ತೇನೆಂದರೆ ಅವನಿಗೆ ಅನುಕೂಲವಾದ ಕಡೆ, ಅನುಕೂಲವಾದ ಹೊತ್ತಿನಲ್ಲಿ ಒಂದೇ ಸಲ ವಿಚಾರಿಸಿ ಮುಗಿಸಬೇಕು. ಅಲ್ಲಿನ ಭಾಷೆ ಬಾರದಿದ್ದರೆ ದುಭಾಷಿಯನ್ನು ಒದಗಿಸುವುದೂ ತನಿಖಾಧಿಕಾರಿಯ ಕೆಲಸ. ಹಿಂದಿ ತಡವರಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಅಂದರೆ ನಾವು ತಲೆಯಾಡಿಸುತ್ತ ಒಪ್ಪಿಕೊಂಡ ಆ ನೆಪ 2016ರಲ್ಲೇ ಕಾಗದದ ಮೇಲೆ ಸತ್ತುಹೋಗಿದೆ. ನಿಲ್ಲುವವನಿಗೆ ಅದು ಇನ್ನೂ ಸತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು 2019ರ ಜೂನಿನಲ್ಲಿ.

ಯಮುನೆಯ ಹತ್ತಿರದ ಗಡಿ ಸಿಗ್ನಲ್ ಒಂದರಲ್ಲಿ, ರಾತ್ರಿ ಎಂಟೂವರೆ ಇರಬೇಕು. ನನ್ನ ಮುಂದಿನ ಕಾರು ಊಟ ತಲುಪಿಸುವ ಹುಡುಗನೊಬ್ಬನ ಸ್ಕೂಟರಿಗೆ ಬಡಿದು ನಿಲ್ಲದೆ ಹೋಯಿತು. ನಾನು ಕಾರಿನೊಳಗೆ ಸ್ಟೇರಿಂಗ್ ಹಿಡಿದು ಕೂತಿದ್ದೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಅಷ್ಟರಲ್ಲಿ ಒಬ್ಬ ಇ-ರಿಕ್ಷಾದವನು ಪ್ಯಾಸೆಂಜರುಗಳನ್ನು ಇಳಿಸಿ, ಹುಡುಗನ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿ, ನನ್ನ ಕಿಟಕಿ ಬಡಿದ. "ಆಪ್‌ಕೀ ಗಾಡಿ ತೇಜ್ ಜಾಯೇಗೀ, ಸಾಹಬ್." ಅವನು ಹಾಗೆ ಬಡಿಯದಿದ್ದರೆ ನಾನು ಇಳಿಯುತ್ತಿದ್ದೆನೋ ಇಲ್ಲವೋ. ತುರ್ತು ನಂಬರಿಗೆ ಫೋನ್ ಮಾಡಿದೆ. ಆ ಕಡೆಯವರ ಮೊದಲ ಪ್ರಶ್ನೆ, ಗಡಿಯ ಈಚೆಗೋ ಆಚೆಗೋ ಅಂತ. ಎನ್‌ಸಿಆರ್‌ನಲ್ಲಿ ಸಾಯುವವನೂ ರಾಜ್ಯ ನೋಡಿಕೊಂಡು ಬೀಳಬೇಕು. ಕೊನೆಗೆ ಹುಡುಗನನ್ನು ನನ್ನ ಹಿಂದಿನ ಸೀಟಿನಲ್ಲಿ ಮಲಗಿಸಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋದೆವು. ಇ-ರಿಕ್ಷಾ ಹಿಂದೆಯೇ ಬಂತು, ಹುಡುಗನ ಫೋನು, ಚೀಲ ಎಲ್ಲ ಅದರಲ್ಲಿತ್ತು.

ಕೌಂಟರಿನಲ್ಲಿ ಕೇಳಿದ್ದು ಎರಡು: ಜೊತೆಗಿರುವವರು ಯಾರು, ಅಡ್ವಾನ್ಸ್ ಯಾರು ಕಟ್ಟುತ್ತೀರಿ. ನಾನು ಕಾರ್ಡ್ ಉಜ್ಜಿದೆ. ಆಧಾರ್ ಜೆರಾಕ್ಸ್ ಕೊಟ್ಟೆ. ಆಮೇಲೆ ಪೊಲೀಸರು ಬಂದರು, ಇಬ್ಬರು. ನನ್ನ ಕೊರಳಲ್ಲಿ ಇನ್ನೂ ಕಂಪನಿಯ ಐಡಿ ಕಾರ್ಡ್ ನೇತಾಡುತ್ತಿತ್ತು. ನನಗೆ ಕುರ್ಚಿ ತೋರಿಸಿದರು, "ಆಪ್ ಬೈಠಿಯೇ ಸರ್." ಇ-ರಿಕ್ಷಾದವನ ಕಡೆ ತಿರುಗಿ ಕೇಳಿದ್ದನ್ನು ನಾನು ಈವರೆಗೆ ಮರೆತಿಲ್ಲ: "ಟಕ್ಕರ್ ತೂನೇ ನಹೀಂ ಮಾರೀ ತೋ ಲೇಕೇ ಕ್ಯೋಂ ಆಯಾ?" ನೀನು ಗುದ್ದಿಲ್ಲ ಅಂದಮೇಲೆ ಯಾಕೆ ಕರಕೊಂಡು ಬಂದೆ? ಕರೆತಂದದ್ದು ನನ್ನ ಕಾರು. ಆದರೂ ಪ್ರಶ್ನೆ ಅವನಿಗೆ. ಹೀಗೆ ಬರೆಯುವಾಗ ನಾನೂ ಅವನು, ಇವನು ಅನ್ನುತ್ತಿದ್ದೇನೆ ನೋಡಿ. ವಯಸ್ಸಿನಲ್ಲಿ ನನಗಿಂತ ಹಿರಿಯರೇ ಇದ್ದರು, ಮಧುಬನಿ ಕಡೆಯವರು. ಪೊಲೀಸಿನವನ 'ತೂ'ಗೂ ನನ್ನ ಏಕವಚನಕ್ಕೂ ಏನು ವ್ಯತ್ಯಾಸ? ತಿದ್ದಿಕೊಳ್ಳುತ್ತೇನೆ. ಅವರ ಇ-ರಿಕ್ಷಾದ ಕೀಲಿ ಕಿತ್ತುಕೊಂಡರು. ಅವರನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿದರು. ನನಗೆ ಹತ್ತೂವರೆಗೆ "ಆಪ್ ಜಾಯಿಯೇ ಸರ್, ಜರೂರತ್ ಪಡೀ ತೋ ಫೋನ್ ಕರೇಂಗೇ" ಅಂದರು. ನಾನು ಹೊರಟೆ. ಮೆಟ್ಟಿಲು ಇಳಿಯುವಾಗ ಅವರು ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಬಾಡಿಗೆಯ ಗಾಡಿ, ರಾತ್ರಿ ಹನ್ನೊಂದರೊಳಗೆ ಮಾಲೀಕನಿಗೆ ಒಪ್ಪಿಸಬೇಕು ಎಂದು ಅದಕ್ಕೆ ಮೊದಲು ಎರಡು ಸಲ ಹೇಳಿದ್ದರು.

ಹುಡುಗ ಬದುಕಿದ, ಕಾಲು ಮುರಿದಿತ್ತು. ಎರಡು ದಿನ ಬಿಟ್ಟು ಫೋನ್ ಮಾಡಿ ತಿಳಿದುಕೊಂಡೆ. ಇ-ರಿಕ್ಷಾದವರನ್ನು ಯಾವಾಗ ಬಿಟ್ಟರು ಎಂದು ಕೇಳಿದರೆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಮುಂದಿನ ವಾರ ಕುತೂಹಲಕ್ಕೆಂದು ಹುಡುಕಿದಾಗ ಸುಪ್ರೀಂ ಕೋರ್ಟಿನ ಆದೇಶ ಕಣ್ಣಿಗೆ ಬಿತ್ತು. ಆಗಲೇ ಮೂರು ವರ್ಷ ಹಳೆಯದು. ಸೇವ್‌ಲೈಫ್ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 84 ಮಂದಿಗೆ ಇಂಥ ರಕ್ಷಣೆ ಇದೆಯೆಂಬುದೇ ತಿಳಿದಿರಲಿಲ್ಲ. ಆ 84ರಲ್ಲಿ ಎಂ.ಟೆಕ್ ಮಾಡಿದ ನಾನೂ ಒಬ್ಬ. ಗೊತ್ತಿದ್ದಿದ್ದರೆ ಏನು ಮಾಡಬಹುದಿತ್ತು? ಕುರ್ಚಿಯಿಂದ ಎದ್ದು, "ಇವರನ್ನು ಹೆಸರು ಕೂಡ ಕೇಳುವಂತಿಲ್ಲ, ಕೀಲಿ ಕೊಡಿ" ಎನ್ನಬಹುದಿತ್ತು. ನನ್ನ ಮಾತನ್ನು ಅವರು ಕೇಳುತ್ತಿದ್ದರು. ಐಡಿ ಕಾರ್ಡಿನ ಮಾತಾದರೂ ಕೇಳುತ್ತಿದ್ದರು.

ನನ್ನ ತಕರಾರು ಇಲ್ಲಿದೆ. ಪೊಲೀಸರಿಗೆ ಹೆದರುತ್ತೇವೆ ಎಂದು ಹೇಳುವ ನಮಗೆ ಆ ಭಯ ಸೇರಿದ್ದಲ್ಲ. ಅದು ಇ-ರಿಕ್ಷಾದವರ ಭಯ, ತರಕಾರಿ ಗಾಡಿಯವರ ಭಯ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಗಾರ್ಡ್‌ನ ಭಯ. ಅವರು ಹೆದರುತ್ತಲೇ ನಿಲ್ಲುತ್ತಾರೆ. ನಾವು ಅವರ ಭಯವನ್ನು ಸಾಲ ತಂದು, ಅದನ್ನು ತೋರಿಸಿ ಮುಂದೆ ಹೋಗುತ್ತೇವೆ.

'ಗುದ್ದಿಲ್ಲ ಅಂದಮೇಲೆ ಯಾಕೆ ತಂದೆ' ಅನ್ನುವ ತರ್ಕ ನಮ್ಮ ಪೊಲೀಸರ ಸ್ವಂತ ಆಸ್ತಿಯೇನಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ 2006ರಲ್ಲಿ ಬಸ್ ಸ್ಟಾಪಿನಲ್ಲಿ ಬಿದ್ದ ಮುದುಕಿಯೊಬ್ಬಳನ್ನು ಒಬ್ಬ ಯುವಕ ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದ. ಆಕೆ, ಬೀಳಿಸಿದವನೇ ಇವನು ಎಂದು ದಾವೆ ಹೂಡಿದಳು. ಮರುವರ್ಷ ಅಲ್ಲಿನ ನ್ಯಾಯಾಲಯ ಹೆಚ್ಚು ಕಡಿಮೆ ಇದೇ ಮಾತನ್ನು ತೀರ್ಪಿನಲ್ಲಿ ಬರೆಯಿತು: ತಪ್ಪು ಮಾಡದವನು ಅಷ್ಟೆಲ್ಲ ಯಾಕೆ ಮಾಡುತ್ತಾನೆ? ಆತ ನಿಜಕ್ಕೂ ಢಿಕ್ಕಿ ಹೊಡೆದಿದ್ದನೆಂದು ವರ್ಷಗಳ ಮೇಲೆ ಅಧಿಕಾರಿಗಳು ಹೇಳಿದರು, ಅದು ಬೇರೆ ಮಾತು. ತೀರ್ಪಿನ ಆ ಒಂದು ವಾಕ್ಯ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಬಿದ್ದವರನ್ನು ಎತ್ತಲು ಜನ ಹೆದರತೊಡಗಿ, ಕೊನೆಗೆ 2017ರಲ್ಲಿ ಚೀನಾ ಎತ್ತುವವರ ರಕ್ಷಣೆಗೆ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಕಾನೂನು ಮೊದಲೇ ಬಂದಿದೆ, ವಾಕ್ಯ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಇನ್ನೂ ಕೇಳಿಸುತ್ತದೆ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಕೋಡ್ ಮರ್ಜ್ ಆಗಿದೆ, ಡಿಪ್ಲಾಯ್ ಆಗಿಲ್ಲ.

ಸರ್ಕಾರಗಳಿಗೆ ಹೊಳೆದಿರುವ ದೊಡ್ಡ ಉಪಾಯ ಬಹುಮಾನ. ದಿಲ್ಲಿ ಸರ್ಕಾರದ ಫರಿಶ್ತೇ ಯೋಜನೆಯಲ್ಲಿ 2,000 ರೂಪಾಯಿ. ಕೇಂದ್ರದ್ದು 2021ರಲ್ಲಿ 5,000. 2025ರಲ್ಲಿ ಅದಕ್ಕೆ ರಾಹ್-ವೀರ್ ಎಂದು ಹೆಸರಿಟ್ಟು 25,000ಕ್ಕೆ ಏರಿಸಿದರು. ಬೇಡ ಅನ್ನುವುದಿಲ್ಲ, ಒಂದು ರಾತ್ರಿಯ ದುಡಿಮೆ ಕಳೆದುಕೊಂಡವರಿಗೆ ಅದು ದುಡ್ಡೇ. ಆದರೆ 2021ರ ಯೋಜನೆಯ ವಿಧಾನ ಓದಿ. ಪೊಲೀಸರು ಲೆಟರ್‌ಹೆಡ್ಡಿನಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆದು ಪತ್ರ ಕೊಡಬೇಕು, ಅದು ಜಿಲ್ಲಾ ಸಮಿತಿಗೆ ಹೋಗಬೇಕು, ಸಮಿತಿ ಒಪ್ಪಬೇಕು, ಬ್ಯಾಂಕ್ ಖಾತೆ ಬೇಕು. ಹೆಸರು ಹೇಳಬೇಕಾಗಿಲ್ಲ ಎಂದು ಒಂದು ಕಾಗದ ಅಭಯ ಕೊಟ್ಟರೆ, ಹೆಸರು ಹೇಳು ದುಡ್ಡು ಕೊಡುತ್ತೇನೆ ಎಂದು ಇನ್ನೊಂದು ಕರೆಯುತ್ತದೆ. ಕರೆಯುವುದೂ ಅದೇ ಠಾಣೆಗೆ. ಗಾಯಾಳುವಿಗೆ ದೊಡ್ಡ ಶಸ್ತ್ರಚಿಕಿತ್ಸೆಯೋ, ಕನಿಷ್ಠ ಮೂರು ದಿನದ ಆಸ್ಪತ್ರೆವಾಸವೋ, ತಲೆಗೋ ಬೆನ್ನುಹುರಿಗೋ ಪೆಟ್ಟೋ ಆಗಿದ್ದರೆ ಮಾತ್ರ ಎಣಿಕೆಗೆ ಬರುತ್ತದೆ. ಒಬ್ಬರಿಗೆ ವರ್ಷಕ್ಕೆ ಐದು ಸಲಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂಬ ಷರತ್ತೂ ಇದೆ. ಆರನೆಯವನನ್ನು ಎತ್ತುವ ಮೊದಲು ಲೆಕ್ಕ ನೋಡಿಕೊಳ್ಳಬೇಕೇನೋ. ಗುಡ್ ಸಮಾರಿಟನ್, ಫರಿಶ್ತೆ, ವೀರ: ಎತ್ತಿದವನಿಗೆ ಇಷ್ಟೊಂದು ಬಿರುದು ಕೊಡುವವರು ಅವನ ಗಾಡಿಯ ಕೀಲಿ ವಾಪಸು ಕೊಟ್ಟರೆ ಸಾಕಿತ್ತು.

ಹುಡುಗಿ ಅಂದು ಊಟದ ಮನೆಯಲ್ಲಿ ಇನ್ನೊಂದು ಪ್ರಶ್ನೆ ಎತ್ತಿದ್ದಳು: ನಿಲ್ಲದೆ ಹೋದವರಿಗೆ ಶಿಕ್ಷೆ ಯಾಕಿರಬಾರದು? ಫ್ರಾನ್ಸ್, ಜರ್ಮನಿಗಳಲ್ಲಿ ಇದೆ. ಅಪಾಯದಲ್ಲಿರುವವನಿಗೆ ನೆರವಾಗಲು ಸಾಧ್ಯವಿದ್ದೂ ಆಗದಿದ್ದರೆ ಅಲ್ಲಿ ಅದು ಅಪರಾಧ. ನನಗೂ ಒಂದು ಕ್ಷಣ ಆಸೆಯಾಯಿತು. ಆದರೆ ಇಲ್ಲಿ ಆ ಕಾನೂನು ಯಾರ ಮೇಲೆ ಬೀಳುತ್ತದೆ? ಏಸಿ ಹಾಕಿಕೊಂಡು, ಗಾಜು ಏರಿಸಿಕೊಂಡು ಹೋದ ಕಾರಿನ ಮೇಲಲ್ಲ. ಪಕ್ಕದ ಚಹಾ ಅಂಗಡಿಯವನ ಮೇಲೆ, 'ನೀನು ಇಲ್ಲೇ ಇದ್ದೆಯಲ್ಲ' ಎಂದು. ಅದಕ್ಕೇ ಬೇಡ ಅನ್ನುತ್ತೇನೆ.

ಶಿಕ್ಷೆ ಬೇಕಾದದ್ದು ಇನ್ನೊಂದು ಕಡೆ. 134ಎ ಕಲಮಿನಲ್ಲಿ ನೆರವಿಗೆ ಬಂದವನಿಗೆ ರಕ್ಷಣೆ ಇದೆ. ಆ ರಕ್ಷಣೆಯನ್ನು ಮುರಿದು, ಅವನನ್ನು ಮೆಟ್ಟಿಲ ಮೇಲೆ ಕೂರಿಸಿದ ಅಧಿಕಾರಿಗೆ ಆ ಕಲಮಿನಲ್ಲಿ ದಂಡನೆ ಇಲ್ಲ. ಹಳೆಯ ಮಾರ್ಗಸೂಚಿಯಲ್ಲಿ ಇಲಾಖಾ ಕ್ರಮ ಎಂಬ ಮಾತಿದೆ. ಇ-ರಿಕ್ಷಾದವರು ಯಾವ ಇಲಾಖೆಗೆ, ಯಾವ ಭಾಷೆಯಲ್ಲಿ, ಯಾವ ದಿನದ ದುಡಿಮೆ ಬಿಟ್ಟು ದೂರು ಬರೆಯಬೇಕು? ಇನ್ನೊಂದು ಕೊರತೆ, ಈ ಕಲಂ ಮೋಟಾರು ವಾಹನದ ಅಪಘಾತಕ್ಕಷ್ಟೇ. ಮೇ ತಿಂಗಳ ಬಿಸಿಲಿನಲ್ಲಿ ಬಸ್ ಸ್ಟಾಪಿನಲ್ಲಿ ಕುಸಿದ ಕೂಲಿಯನ್ನು, ಚೂರಿ ಇರಿತವಾದವನನ್ನು ಎತ್ತಿಕೊಂಡು ಹೋದವರಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನ ಸದುದ್ದೇಶದ ಸಾಮಾನ್ಯ ರಕ್ಷಣೆಯನ್ನೇ ನೆಚ್ಚಿಕೊಳ್ಳಬೇಕು. 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಮಂದಿ ಎಂದು ಸರ್ಕಾರವೇ ಹೇಳುತ್ತದೆ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಎಂಬ ಯೋಜನೆಯೂ ಬಂದಿದೆ. ಒಳ್ಳೆಯದೇ. ಆದರೆ ಆ ಚಿಕಿತ್ಸೆಯ ತನಕ ಅವನನ್ನು ಯಾರಾದರೂ ಮುಟ್ಟಿಸಬೇಕಲ್ಲ?

2020ರ ನಿಯಮದ ಪ್ರಕಾರ ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನೆರವಿಗೆ ಬಂದವರ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಬಾಗಿಲ ಬಳಿ ಹಾಕಬೇಕು. ಹೋದ ವರ್ಷ ಅಪ್ಪನ ಮಂಡಿ ನೋವಿಗೆಂದು ಅಲೆದಾಡಿದ ಆಸ್ಪತ್ರೆಗಳಲ್ಲೆಲ್ಲ ನಾನು ಇದನ್ನು ಹುಡುಕಿದೆ. ಒಂದರಲ್ಲಿ ಸಿಕ್ಕಿತು, ಪಾರ್ಕಿಂಗ್ ದರಪಟ್ಟಿಯ ಹಿಂದೆ. ಒಂದು ಕಡೆ ಕೌಂಟರಿನಲ್ಲಿ ಕೇಳಿದ್ದಕ್ಕೆ "ಯಾವ ಇನ್ಶೂರೆನ್ಸ್ ಸರ್?" ಅಂದರು. ಎಲ್ಲ ಕಡೆಯೂ ಲಿಖಿತವಾಗಿ ದೂರು ಕೊಟ್ಟು ಬಂದೆ. ಇಂಗ್ಲಿಷಿನಲ್ಲಿ ಎಸ್ಕಲೇಷನ್ ಬರೆಯುವುದೇ ನನ್ನ ಹೊಟ್ಟೆಪಾಡು, ಅದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೂ ಬೇಕಾಗುವುದಿಲ್ಲ.

ನಿಲ್ಲಿ ಎಂದು ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ, 2013ರ ರಾತ್ರಿ ಅದನ್ನು ಕಳೆದುಕೊಂಡಿದ್ದೇನೆ. ನಿಂತವರನ್ನು ಬಿಟ್ಟು ಹೊರಡಬೇಡಿ ಎಂದಷ್ಟೇ ಕೇಳುತ್ತೇನೆ. ಆಸ್ಪತ್ರೆಯಲ್ಲಿ ನಿಮಗೆ ಕುರ್ಚಿ ಕೊಟ್ಟರೆ, ಪಕ್ಕದವರಿಗೂ ಕೊಡುವವರೆಗೆ ಕೂರಬೇಡಿ. ನಿಮಗೆ ಹೋಗಿ ಎಂದರೆ, ಅವರ ಕೀಲಿ ಅವರ ಕೈಗೆ ಬರುವವರೆಗೆ ಹೋಗಬೇಡಿ.

ನಿಯಮವನ್ನು ಹಿಂದಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ, ಜೇಬಿಗೆ ಹಿಡಿಸುವಷ್ಟು ದೊಡ್ಡ ಕಾರ್ಡುಗಳನ್ನು ಮಾಡಿಸಿ ಲ್ಯಾಮಿನೇಷನ್ ಹಾಕಿಸಿದೆ. ನಮ್ಮ ಸೆಕ್ಟರಿನ ಮೆಟ್ರೋ ಸ್ಟೇಷನ್ ಹೊರಗೆ ನಿಲ್ಲುವ ಇ-ರಿಕ್ಷಾದವರಿಗೆ ಹಂಚಿದೆ. ಒಬ್ಬರು ಎರಡು ಸಲ ಓದಿ, "ಇದನ್ನು ಪೊಲೀಸರು ಓದಿದ್ದಾರಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಹಿಂದುಗಡೆ ನನ್ನ ಮೊಬೈಲ್ ನಂಬರ್ ಬರೆದು, ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ಬರುತ್ತೇನೆ ಅಂದೆ. ಈವರೆಗೆ ಬಂದಿರುವುದು ಒಂದೇ ಫೋನ್. ಊರಿನಿಂದ ಭಾವಮೈದುನ ಬಂದಿದ್ದಾನೆ, ನಿಮ್ಮ ಕಂಪನಿಯಲ್ಲಿ ಗಾರ್ಡ್ ಕೆಲಸ ಖಾಲಿ ಇದೆಯಾ ಎಂದು ವಿಚಾರಿಸಿದರು.